ನಂಬರು ಬರಿಯಾಕಿ

ಒಂದು ಡಬ್ಬಿ ಬಿಳಿ ಬಣ್ಣ, ಒಂದು ಕುಂಚ, ಒಂದು ತಂತಿ ಬ್ರಷ್ಷು:
ಇಷ್ಟು ಕೊಟ್ಟು ಸಂಡೂರು ಗುಡ್ಡ ಹತ್ತಿಸಿದ್ರು.
ದಿನಕ್ಕ ನಾಕುನೂರು. ನೀರು, ರೊಟ್ಟಿ ನಮ್ಮವು.
ಗಾರ್ಡು ರುದ್ರಮುನಿ ಟೇಪು ಸುತ್ತಿ ಅಳತಿ ಕೂಗತಾನ,
ನಾನು ಎದಿಮಟ್ಟ ತೊಗಟಿ ಉಜ್ಜಿ
ನಂಬರು ಬರೀತೀನಿ.
ಇವು ಬೀಳೂ ಮರ. ಗಣಿಗೆ ಒಪ್ಪಿಗಿ ಸಿಕ್ಕರ.

ಹೊನ್ನಿ, ದಿಂಡಿಗ, ತೂಬರಿ.
ಹೆಸರು ಬರಿಯೂದು ರುದ್ರಮುನಿ ಪಾಲು,
ನನ್ನ ಪಾಲಿಗೆ ಅಂಕಿ.
ಮೂವತ್ತು ಸೆಂಟಿಮೀಟರಿಗಿಂತ ಸಣ್ಣದು ಬಂದರ
"ಇದು ಮರ ಅಲ್ಲ, ನಡಿ" ಅಂತಾನ.
"ಮತ್ತೇನಿದು?"
"ಏನೂ ಅಲ್ಲ."

ಲೆಕ್ಕ ನಾನು ಶಾಲ್ಯಾಗ ಕಲಿತಿದ್ದಲ್ಲ.
ಅದಿರಿಗೆ ಹುಚ್ಚು ರೇಟು ಬಂದ ವರ್ಷ
ಯಾಡಿ ಸಂಗಾಟ ಕಲ್ಲು ಒಡೆಯಾಕ ಕುಂತಿದ್ದೆ,
ಪುಟ್ಟಿಗೊಂದು ಹರಳು ಉಡ್ಯಾಗ ಹಾಕ್ಕೊಂಡು;
ಸಂಜಿಗೆ ಹರಳು ಎಣಿಸಿ ರೊಕ್ಕ.
ತಾಂಡಾಕ್ಕ ಆಗ ಟಿವಿ ಬಂತು, ಗಾಡಿ ಬಂತು,
ಹಗ್ಗದ ಮ್ಯಾಲಿನ ಬಿಳಿ ಅಂಗಿ ಮಾತ್ರ
ಬಿಳೇದಾಗಿ ಒಣಗಲಿಲ್ಲ.
ಇವತ್ತಿಗೂ ಯಾಡಿ ಕೆಮ್ಮಿದ ಮ್ಯಾಲೆ
ಸೆರಗು ತಿರುವಿ ನೋಡ್ತಾಳ,
ಬಣ್ಣ ಯಾವುದು ಅಂತ.

ಮೈದುನ ಥಾವರ್ಯಾ ಟಿಪ್ಪರ್ ಹೊಡೀತಾನ:
"ಗುಡ್ಡ ನಿಂತರ ನನ್ನ ಗಾಡಿ ನಿಲ್ತೈತಿ,
ಬ್ಯಾಂಕಿನ ಕಂತು ನಿಲ್ಲೂದಿಲ್ಲ."
ಯಾಡಿ ಅಂತಾಳ, "ಸೀತಾಫಲದ ಇಳಿಜಾರು ಒಂದು ಬಿಡ್ರಿ,
ಉಳಿದದ್ದು ನೀವೂ ದೇವರೂ ಮಾತಾಡ್ಕೊಳ್ರಿ."
ಕಂಪನಿ ಸಾಹೇಬ ಒಂದಕ್ಕ ಹತ್ತು ಹಚ್ತೀವಿ ಅಂದ.
ಹಚ್ಚ್ಯಾರ, ಸುಳ್ಳಲ್ಲ.
ಹಳೇ ಗಣಿ ಮಣ್ಣಿನ ದಿಬ್ಬದ ಮ್ಯಾಲೆ
ಸಾಲು ಹಿಡಿದು ಹಸರಾಗೇ ಅದಾವ.
ನಮ್ಮ ಮ್ಯಾಕಿ ಹೋಗಿ ಮೂಸಿ
ತಿರುಗಿ ಬಂತು.

ಹ್ವಾದ ವಾರ ಪ್ಯಾಟಿಯಿಂದ ನಾಕು ಮಂದಿ ಬಂದಿದ್ರು,
ಗುಡ್ಡ ಉಳಿಸೂ ಮಂದಿ. ಒಳ್ಳೇವ್ರು.
ಬಿಸಿಲಾಗ ನಡದ್ರು, ನಂಬರಿನ ಫೋಟೋ ಹೊಡಕೊಂಡ್ರು.
ಒಬ್ಬಾಕಿ ನನ್ನ ಬಣ್ಣದ ಕೈ ಹಿಡಿದು
"ಅಕ್ಕಾ, ನೀವು ಬರೀಬಾರದಿತ್ತು" ಅಂದಳು.
"ನಾ ಬರೀದಿದ್ದರ ನಾಳಿ
ಎಷ್ಟಿದ್ದವು ಅಂತ ಯಾರನ್ನ ಕೇಳ್ತಿ, ತಂಗಿ?"
ಆಕಿ ಸುಮ್ಮನಾದಳು.
ಆ ಮಾತು ನನಗೂ ಪೂರಾ ನಂಬಿಕಿ ಇರಲಿಲ್ಲ.
ಕಳಿಸಾಕ ಹ್ವಾದಾಗ ಅವರ ಕಾರಿನ ಮ್ಯಾಲೆ ಕೈ ಊರಿದೆ.
ನಮ್ಮ ಗುಡ್ಡ.
ಬಿಸಿಲಿಗೆ ಬೆಚ್ಚಗಿತ್ತು.

ನಿನ್ನೆ ನಾರಿಹಳ್ಳದ ಮಗ್ಗಲಿಗೆ ಒಂದು ದಿಂಡಿಗ.
ತೊಗಟಿ ಉಜ್ಜಿದರ ಒಳಗ
ಕೆಂಪು ಬಣ್ಣದ್ದೊಂದು ಗೀಟು, ಅರ್ಧ ಎಂಟು;
ಉಳಿದದ್ದರ ಮ್ಯಾಲೆ ತೊಗಟಿ ತುಟಿ ಮುಚ್ಚಿತ್ತು.
ನನಗಿಂತ ಮೊದಲು ಯಾರೋ ಎಣಿಸಿದ್ರು ಇದನ್ನ.
ಫೈಲು ಕಳೀತೋ, ರೇಟು ಬಿತ್ತೋ,
ಯಾರರ ಅರ್ಜಿ ಕೊಟ್ಟು ಕುಂತ್ರೋ,
ಮರಕ್ಕ ಗೊತ್ತಿಲ್ಲ.
ನಂಬರು ನುಂಗಿ ದಪ್ಪಾಗಿತ್ತು.
ಅದರ ಮ್ಯಾಲೇ ನಾನೂ ಬರೆದೆ.
ಕೈ ನಡುಗಲಿಲ್ಲ, ಸುಳ್ಳು ಯಾಕ.

ಅದರ ಬುಡಕ್ಕ ಒಂದು ಮರಿ. ಬೆಳ್ಳಗ, ನೆಟ್ಟಗ.
ರುದ್ರಮುನಿ ಟೇಪು ಸುತ್ತಿದ.
"ಇಪ್ಪತ್ತೆಂಟು. ನಡಿ ಸಕ್ರಿಬಾಯಿ."
ನಾ ನಡೀಲಿಲ್ಲ.
"ಸಡಿಲ ಹಿಡೀರಿ," ಅಂದೆ, "ಉಸರಾಡ್ಲಿ ಅದು."
ಅಂವ ಕೆಳಗಿನ ದಾರಿ ನೋಡಿದ,
ಟಿಪ್ಪರ್ ಸಾಲು, ಸಾಲಿನ ಹಿಂದ ಧೂಳು.
ನನ್ನ ಕಡೆ ನೋಡಲಿಲ್ಲ.
ಆಮ್ಯಾಲೆ ಟೇಪಿನೊಳಗ ತನ್ನ ಹೆಬ್ಬೆರಳು ತೂರಿಸಿ
ಓದಿದ: "ಮೂವತ್ತು."

ಐದು ಅಂಕಿ ಹಿಡಿಯೂವಷ್ಟು ಅಗಲ
ಅದಕ್ಕಿನ್ನೂ ಎದಿ ಇರಲಿಲ್ಲ.
ಒಂದರ ಕೆಳಗೊಂದು ಬರೆದೆ.